ಹ್ಯಾವ್‌ಲಾಕ್‌ನ ಕಡಲದಂಡೆ ಕೆಫೆಯಲ್ಲಿ ಆಫೀಸ್ ಕೆಲಸ: ಎರಡು ಸೀಸನ್ ಬಳಕೆಯ ನಂತರ

ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ (ಈಗಿನ ಅಧಿಕೃತ ಹೆಸರು ಸ್ವರಾಜ್ ದ್ವೀಪ) ಲ್ಯಾಪ್‌ಟಾಪ್ ಕಟ್ಟಿಕೊಂಡು ಹೊರಡುವವರು ಮೊದಲು ಕೇಳುವುದು ನೆಟ್ ಹೇಗಿದೆ ಅಂತ. ನೆಟ್ ನಡೆಯುತ್ತದೆ. ಕೈಕೊಡುವುದು ಚಾರ್ಜಿಂಗ್ ಪೋರ್ಟ್, ಅದೂ ಎರಡು ಮೂರು ತಿಂಗಳು ಎಲ್ಲ ಸರಿಯಾಗಿ ನಡೆದ ಮೇಲೆ. ಕೇಬಲ್ ಒಂದು ಮಗ್ಗುಲಲ್ಲಿ ಹಾಕಿದರೆ ಚಾರ್ಜ್ ಆಗುತ್ತದೆ, ತಿರುಗಿಸಿ ಹಾಕಿದರೆ ಆಗುವುದಿಲ್ಲ. ಒಂದು ಹನಿ ನೀರು ಸೋಕದಿದ್ದರೂ ಪೋರ್ಟ್‌ನಲ್ಲಿ ತೇವ ಇದೆ ಎಂದು ಫೋನ್ ಎಚ್ಚರಿಸುತ್ತದೆ. ಇಯರ್‌ಬಡ್ ಡಬ್ಬಿಯ ಪಿನ್ನುಗಳ ಮೇಲೆ ಹಸಿರು ಕಿಲುಬು, ಲ್ಯಾಪ್‌ಟಾಪ್ ತಳದ ಸ್ಕ್ರೂಗಳಿಗೆ ತುಕ್ಕು. ಬಿಳಿ ಮರಳು, ನೀಲಿ ನೀರಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಈ ಉಪ್ಪಿನ ಬಗ್ಗೆ ಹೊರಡುವ ಮೊದಲೇ ತಿಳಿದಿದ್ದರೆ ದುಡ್ಡು ಉಳಿಯುತ್ತದೆ.

ಗೋವಿಂದನಗರ, ವಿಜಯನಗರದ ದಂಡೆಗಳನ್ನು ಇಲ್ಲಿನವರು 3 ನಂಬರ್, 5 ನಂಬರ್ ಎಂದೇ ಕರೆಯುತ್ತಾರೆ. ಕೂತು ಕೆಲಸ ಮಾಡಬಹುದಾದ ಕೆಫೆಗಳು ಹೆಚ್ಚಾಗಿ ಈ ಎರಡು ಕಡೆ, ಬಹುಪಾಲು ಗೋಡೆಯಿಲ್ಲದ ಚಪ್ಪರಗಳು. ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲೇ ಆರಿ, ಕಣ್ಣಿಗೆ ಕಾಣದ ಉಪ್ಪಿನ ಪುಡಿಯಾಗಿ ಎಲ್ಲದರ ಮೇಲೂ ಕೂರುತ್ತವೆ. ಗಾಳಿಯ ಆರ್ದ್ರತೆ ಸುಮಾರು 75% ದಾಟಿತೆಂದರೆ ಉಪ್ಪು ತಾನೇ ತೇವ ಹೀರಿ ಕರಗುತ್ತದೆ. ಕಡಲ ಪಕ್ಕದ ಬೆಳಗಿನ ಗಾಳಿ ಆ ಗೆರೆಯಿಂದ ಕೆಳಗಿಳಿಯುವುದೇ ಅಪರೂಪ. ಟೈಪ್-ಸಿ ಪೋರ್ಟ್‌ನಲ್ಲಿ 24 ಪಿನ್ನುಗಳು ಅರ್ಧ ಮಿಲಿಮೀಟರ್ ಅಂತರದಲ್ಲಿ ಸಾಲಾಗಿ ನಿಂತಿರುತ್ತವೆ. ಅವುಗಳ ನಡುವೆ ಉಪ್ಪುನೀರಿನ ಪೊರೆ ಕಟ್ಟಿ, ಮೇಲೆ 20 ವೋಲ್ಟ್ ಹರಿಸಿದರೆ ವಿದ್ಯುದ್ವಿಭಜನೆ ಶುರುವಾಗಿ ಲೋಹ ಸವೆಯುತ್ತದೆ. ವಿದ್ಯುತ್ ಇಲ್ಲದ ಪೋರ್ಟ್ ತಿಂಗಳುಗಟ್ಟಲೆ ತಾಳಿಕೊಂಡೀತು, ಚಾರ್ಜ್ ಆಗುತ್ತಿರುವ ಪೋರ್ಟ್ ಬೇಗ ಹಾಳಾಗುತ್ತದೆ.

ಹಾಗಾಗಿ ದಂಡೆಯ ಮೇಜಿನ ಮೇಲೆ ಚಾರ್ಜರ್ ಹಾಕಲೇಬೇಡಿ. ಚಾರ್ಜಿಂಗ್ ಏನಿದ್ದರೂ ರಾತ್ರಿ ಕೋಣೆಯಲ್ಲಿ. ಬ್ಯಾಟರಿ ನಿಜಕ್ಕೂ ಆರೇಳು ಗಂಟೆ ಬರುವ ಲ್ಯಾಪ್‌ಟಾಪ್ ಇಲ್ಲದಿದ್ದರೆ ಇಲ್ಲಿ ಪೂರ್ತಿ ದಿನದ ಕೆಲಸದ ಯೋಚನೆ ಬಿಡುವುದೇ ಒಳ್ಳೆಯದು. ಫ್ಯಾನ್ ಇರುವ ಲ್ಯಾಪ್‌ಟಾಪ್ ಉಪ್ಪುಗಾಳಿಯನ್ನು ನೇರ ಬೋರ್ಡಿನ ಮೇಲೆಳೆದುಕೊಳ್ಳುತ್ತದೆ. ಎಂ1 ನಂತರದ ಮ್ಯಾಕ್‌ಬುಕ್ ಏರ್ ಥರದ, ಫ್ಯಾನ್ ಇಲ್ಲದವು ಈ ವಿಷಯದಲ್ಲಿ ವಾಸಿ. ಬಳಸದ ಪೋರ್ಟುಗಳಿಗೆ ಸಿಲಿಕೋನ್ ಮುಚ್ಚಳ ಹಾಕಿ. ಹತ್ತಾರು ರೂಪಾಯಿಯ ವಸ್ತು, ಉಳಿಸುವುದು ಸಾವಿರಾರು.

ಎರಡನೇ ತಪ್ಪು ಎ.ಸಿ. ಕೋಣೆಯಲ್ಲಿ ಆಗುತ್ತದೆ. ಹೊರಗಿನ ಗಾಳಿಯ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆ, 24–25 ಡಿಗ್ರಿ. ರಾತ್ರಿಯಿಡೀ 20 ಡಿಗ್ರಿಯಲ್ಲಿ ತಣ್ಣಗಾದ ಲ್ಯಾಪ್‌ಟಾಪನ್ನು ಬೆಳಗ್ಗೆ ಸೀದಾ ಹೊರಗೆ ತೆಗೆದರೆ ಫ್ರಿಜ್ಜಿನಿಂದ ತೆಗೆದ ಚೊಂಬಿನಂತೆ ಬೆವರುತ್ತದೆ, ಒಳಗೂ ಹೊರಗೂ. ಎ.ಸಿ.ಯನ್ನು 26ಕ್ಕೆ ಇಡಿ. ಇಲ್ಲವೇ ಹೊರಡುವ ಮೊದಲು ಮುಚ್ಚಿದ ಬ್ಯಾಗಿನಲ್ಲೇ ಮುಕ್ಕಾಲು ಗಂಟೆ ಹೊರಗಿಟ್ಟು, ಬೆಚ್ಚಗಾದ ಮೇಲೆ ತೆರೆಯಿರಿ.

ಸಂಜೆಯ ಒರೆಸುವ ಕೆಲಸಕ್ಕೆ ಹತ್ತು ನಿಮಿಷ ಸಾಕು, ಮಾಡುತ್ತ ಮಾಡುತ್ತ ಅದು ಇಷ್ಟವೂ ಆಗುತ್ತದೆ. ಮೊದಲು ಲ್ಯಾಪ್‌ಟಾಪ್ ಪೂರ್ತಿ ಆಫ್. ಮೈಕ್ರೋಫೈಬರ್ ಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಪರದೆಯನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ಎಳೆಯಾಗಿ ಒರೆಸಬೇಕು. ಒಣ ಬಟ್ಟೆಯಲ್ಲಿ ತಿಕ್ಕಿದರೆ ಉಪ್ಪಿನ ಹರಳು ಗೀರು ಹಾಕುತ್ತದೆ. ಬಟ್ಟೆಯ ಮಗ್ಗುಲು ಬದಲಿಸಿ ಕೀಬೋರ್ಡ್, ಅಂಗೈ ಊರುವ ಜಾಗ, ಕೊನೆಗೆ ಪರದೆಯ ಕೀಲು. ಪೋರ್ಟ್‌ಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಮೃದು ಕೂದಲಿನ ಸಣ್ಣ ಬ್ರಷ್. ಸೂಜಿ, ಸೇಫ್ಟಿ ಪಿನ್ ಹಾಕಬಾರದು. ಹತ್ತು ನಿಮಿಷ ಆರಲು ಬಿಟ್ಟು, ಆಮೇಲೆ ಚಾರ್ಜ್. ಆಲ್ಕೋಹಾಲ್ ವಿಮಾನದಲ್ಲಿ ತರುವಂತಿಲ್ಲ, ಶ್ರೀ ವಿಜಯಪುರಂನಲ್ಲಿ, ಅಂದರೆ ಹಳೆಯ ಪೋರ್ಟ್ ಬ್ಲೇರ್‌ನಲ್ಲಿ, ದೋಣಿ ಹತ್ತುವ ಮೊದಲು ಹುಡುಕಿಕೊಳ್ಳಿ.

ಇಯರ್‌ಬಡ್, ಹಾರ್ಡ್ ಡಿಸ್ಕ್, ಬಿಡಿ ಕೇಬಲ್‌ಗಳಿಗೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಒಳಗೆ 200 ಗ್ರಾಂ ಕಿತ್ತಳೆ ಸಿಲಿಕಾ ಜೆಲ್. ಅದು ಹಸಿರಾದರೆ ತೇವ ತುಂಬಿತು ಎಂದರ್ಥ. ಇಲ್ಲಿನ ಬಿಸಿಲಿನಲ್ಲಿ ಹರಡಿದರೆ ಅದು ಒಣಗುವುದಿಲ್ಲ, ಗಾಳಿಯೇ ಒದ್ದೆ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ, ಬಣ್ಣ ಮರಳುವವರೆಗೆ ಹುರಿಯಬೇಕು.

ಇಷ್ಟು ಕಷ್ಟಪಟ್ಟು ಇಲ್ಲೇಕೆ ಕೂರಬೇಕು? ಬೆಳಗಿಗಾಗಿ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಈ ದ್ವೀಪ ಇರುವುದು 93ರ ಹತ್ತಿರ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 42 ನಿಮಿಷ ಮುಂದಿದ್ದಾನೆ. ಜೂನ್‌ನಲ್ಲಿ ಐದಕ್ಕೇ ಸೂರ್ಯೋದಯ, ಡಿಸೆಂಬರ್‌ನಲ್ಲೂ ಐದೂವರೆಗೆ. ಬೆಂಗಳೂರಿನ ತಂಡ ಒಂಬತ್ತೂವರೆಯ ಮೀಟಿಂಗ್‌ಗೆ ಸೇರುವಷ್ಟರಲ್ಲಿ ನಾಲ್ಕು ಗಂಟೆಯ ಬೆಳಕು ಕೈಗೆ ಸಿಕ್ಕಿರುತ್ತದೆ, ಆ ಹೊತ್ತಿನಲ್ಲಿ ಯಾರ ಸಂದೇಶವೂ ಬರುವುದಿಲ್ಲ. ಯಾವ ಆಫೀಸೂ, ಯಾವ ಕೋವರ್ಕಿಂಗ್ ಜಾಗವೂ ಇಷ್ಟು ಸಲೀಸಾಗಿ ಇಂಥ ಹೊತ್ತನ್ನು ಕೊಡುವುದಿಲ್ಲ. ಕೆಫೆ ಬಾಗಿಲು ತೆರೆಯುವುದು ಏಳರ ಮೇಲೆ. ಅಲ್ಲಿಯವರೆಗೆ ಕೋಣೆಯ ಜಗಲಿ ಸಾಕು. ಬದಲಿಗೆ ನವೆಂಬರ್ ಕೊನೆಯಲ್ಲಿ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಸಂಜೆ ಆರರವರೆಗೆ ಕೆಲಸ ಎಳೆಯುವವರು ಕಡಲನ್ನು ಕತ್ತಲಲ್ಲೇ ನೋಡಬೇಕು.

3 ನಂಬರ್, 5 ನಂಬರ್ ಎರಡೂ ಪೂರ್ವಕ್ಕಿವೆ. ಬೆಳಗ್ಗೆ ಕಡಲಿಗೆ ಮುಖ ಮಾಡಿ ಕೂತರೆ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಬೆನ್ನು ಮಾಡಿದರೆ ಪರದೆಗೆ. ಕಡಲು ಎಡಕ್ಕೋ ಬಲಕ್ಕೋ ಬರುವಂತೆ ಉತ್ತರ-ದಕ್ಷಿಣಕ್ಕೆ ಕೂರಿ. ಹತ್ತರ ನಂತರ ಬಿಸಿಲು ಚಪ್ಪರದ ಮೇಲೇರಿ ಸಮಸ್ಯೆ ತಾನೇ ಮುಗಿಯುತ್ತದೆ. ತೆಂಗಿನ ಮರದ ಕೆಳಗಿನ ಕುರ್ಚಿ ಎಷ್ಟೇ ಚೆಂದ ಕಂಡರೂ, ಗೊನೆ ಇಳಿಸಿದ್ದಾರೋ ಇಲ್ಲವೋ ನೋಡದೆ ಕೂರಬೇಡಿ. ಕಡಲ ಮೋಹ್ವಾದಂಥ ಅಗಲ ಕೊಂಬೆಯ ಮರದ ನೆರಳು ಒಳ್ಳೆಯದು.

ಭರತ-ಇಳಿತ ನೋಡಿ ಮೀಟಿಂಗ್ ಇಟ್ಟುಕೊಳ್ಳುವ ಅಭ್ಯಾಸ ಬೇಗ ಆಗಿಬಿಡುತ್ತದೆ. ಭರತದ ಹೊತ್ತಿಗೆ ಅಲೆ ಮೇಜಿನ ಬುಡದವರೆಗೂ ಬರುತ್ತದೆ, ಮೈಕಿನಲ್ಲಿ ಅದರದೇ ಸದ್ದು. ಇಳಿತದಲ್ಲಿ 5 ನಂಬರ್ ದಂಡೆಯ ನೀರು ಬಹುದೂರ ಹಿಂದೆ ಸರಿದು, ಸತ್ತ ಹವಳದ ಕಲ್ಲುಗಳು ಎದ್ದು, ಜಾಗ ಗ್ರಂಥಾಲಯದಷ್ಟು ನಿಶ್ಶಬ್ದವಾಗುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಏಳು ದಿನಕ್ಕೆ ಅದು ಹತ್ತಿರಹತ್ತಿರ ಆರು ಗಂಟೆ. ಅಂದರೆ ಈ ಸೋಮವಾರ ಹತ್ತಕ್ಕೆ ಭರತ ಇದ್ದರೆ ಮುಂದಿನ ಸೋಮವಾರ ಹತ್ತಕ್ಕೆ ಇಳಿತ. ವಾರದ ಮೀಟಿಂಗ್ ಒಂದು ವಾರ ಗದ್ದಲದಲ್ಲಿ, ಇನ್ನೊಂದು ವಾರ ಮೌನದಲ್ಲಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. ಆಗ ಹಿಂದಿನ ಸಾಲಿನ ಮೇಜು ಹಿಡಿಯಿರಿ, ಬ್ಯಾಗ್ ನೆಲದ ಮೇಲಿಡಬೇಡಿ.

ನೆಟ್ ಬಗ್ಗೆ ಚುಟುಕಾಗಿ. 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸುಮಾರು 2,300 ಕಿ.ಮೀ. ಉದ್ದದ ಸಮುದ್ರದಡಿಯ ಕೇಬಲ್ ಉದ್ಘಾಟನೆಯಾಯಿತು, ಅದರ ಒಂದು ಕವಲು ಈ ದ್ವೀಪಕ್ಕೂ ಬಂದಿದೆ. ಅದಕ್ಕೂ ಮೊದಲು ಎಲ್ಲವೂ ಉಪಗ್ರಹದ ಮೂಲಕ, ಒಂದು ಮಾತಿಗೆ ಮರುಮಾತು ಬರಲು ಅರ್ಧ ಸೆಕೆಂಡಿನ ಮೇಲೆ. ಈಗಿನ ತೊಂದರೆ ಕೆಫೆಯ ರೌಟರ್‌ನದ್ದು. ಸಂಜೆ ಆರರಿಂದ ಒಂಬತ್ತರವರೆಗೆ ಡೈವಿಂಗ್‌ನಿಂದ ಬಂದವರೆಲ್ಲ ವಿಡಿಯೊ ಏರಿಸುತ್ತಾರೆ, ಅಪ್‌ಲೋಡ್ ಕುಸಿಯುತ್ತದೆ. ವಿಡಿಯೊ ಕಾಲ್‌ಗೆ ಬೇಕಾದದ್ದು 2 ಎಂಬಿಪಿಎಸ್ ಅಪ್‌ಲೋಡ್. ಕೂರುವ ಮೊದಲು ಡೌನ್‌ಲೋಡ್ ಅಲ್ಲ, ಅದನ್ನೇ ಅಳೆಯಿರಿ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರಲಿ. ಕರೆಂಟು ಆಗಾಗ ಹೋಗುತ್ತದೆ. ಜನರೇಟರ್ ಹತ್ತುವವರೆಗಿನ ಒಂದೆರಡು ನಿಮಿಷದಲ್ಲಿ ರೌಟರ್ ಆರಿ ಮತ್ತೆ ಏಳಬೇಕು, ಆದ್ದರಿಂದ ರೌಟರ್‌ಗೆ ಪುಟ್ಟ 12 ವೋಲ್ಟ್ ಯು.ಪಿ.ಎಸ್. ಇಟ್ಟಿರುವ ಕೆಫೆಯನ್ನೇ ಆರಿಸಿ. ಇಲ್ಲದಿದ್ದರೆ ಮಾಲೀಕರಿಗೆ ಹೇಳಿ ನೋಡಿ, ಖರ್ಚು ಹೆಚ್ಚಿಲ್ಲ.

ಒಂದು ಕಾಫಿಗೆ ಅರ್ಧ ದಿನ ಮೇಜು ಹಿಡಿಯುವುದು ಡಿಸೆಂಬರ್-ಜನವರಿಯಲ್ಲಿ ನ್ಯಾಯವಲ್ಲ. ಮೊದಲೇ ಮಾತಾಡಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಮೂಲೆ, ಬದಲಿಗೆ ಊಟ ಅಲ್ಲೇ ಎಂದು ಒಪ್ಪಿಸಿದರೆ ಇಬ್ಬರಿಗೂ ಅನುಕೂಲ. ಸಾಮಾನೆಲ್ಲ ಹಡಗಿನಲ್ಲಿ ಬರುವುದರಿಂದ ಕೆಫೆ ದರ ದುಬಾರಿ. ತಿಂಗಳ ಖರ್ಚು ಹಿಡಿತದಲ್ಲಿರಬೇಕಾದರೆ ತಿಂಡಿಗೆ 3 ನಂಬರ್ ಬಜಾರು. 1950ರ ದಶಕದಲ್ಲಿ ಪೂರ್ವ ಬಂಗಾಳದ ನಿರಾಶ್ರಿತ ಕುಟುಂಬಗಳನ್ನು ನೆಲೆಗೊಳಿಸಿದ ಊರಿದು, ಬೆಳಗಿನ ಲುಚಿ (ಮೈದಾ ಪೂರಿ), ಘುಗ್ನಿ (ಒಣ ಬಟಾಣಿಯ ಪಲ್ಯ) ಬಿಸಿಯಾಗಿ ಸಿಗುತ್ತದೆ. ಫಿಲ್ಟರ್ ಕಾಫಿಯವರು ಪುಡಿಯನ್ನೂ ಫಿಲ್ಟರನ್ನೂ ಊರಿನಿಂದಲೇ ತರಬೇಕು, ಪುಡಿಗೂ ಗಾಳಿಯಾಡದ ಡಬ್ಬಿಯೇ ಗತಿ.

ಸಂಜೆಯ ಇಳಿತದಲ್ಲಿ ಮರಳುನೊಣ ಕಚ್ಚುತ್ತದೆ, ನವೆ ವಾರ ಬಿಡುವುದಿಲ್ಲ. ಕಾಲು ಮುಚ್ಚುವ ಪ್ಯಾಂಟು, ಪಾದಕ್ಕೆ ದಪ್ಪಗೆ ತೆಂಗಿನೆಣ್ಣೆ, ಕಾಲು ಕುರ್ಚಿಯ ಮೇಲೆ. ಮೇ ತಿಂಗಳಿಂದ ಮಳೆಗಾಲದುದ್ದಕ್ಕೂ ಈ ಕೆಲಸಕ್ಕೆ ಬರಬೇಡಿ. ವರ್ಷಕ್ಕೆ 3,000 ಮಿ.ಮೀ. ಮಳೆ ಬೀಳುವ ಕಡೆ ಗೋಡೆಯಿಲ್ಲದ ಚಪ್ಪರ ನಂಬುವಂಥದ್ದಲ್ಲ, ಕಡಲು ಕೆಟ್ಟರೆ ದೋಣಿಯೂ ರದ್ದು. ಜನವರಿಯಿಂದ ಏಪ್ರಿಲ್ ಸರಿಯಾದ ಕಾಲ.

ಹೊರಡುವ ಹಿಂದಿನ ರಾತ್ರಿ ಎಲ್ಲ ಪೋರ್ಟುಗಳನ್ನೂ ಇನ್ನೊಮ್ಮೆ ಆಲ್ಕೋಹಾಲಿನಲ್ಲಿ ತೊಳೆಯಿರಿ, ಚಾರ್ಜರಿನ ಕಡ್ಡಿಗಳನ್ನು ಒರೆಸಿ, ಲ್ಯಾಪ್‌ಟಾಪ್ ಬ್ಯಾಗನ್ನು ಸಿಹಿನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿ. ಉಪ್ಪು ಬ್ಯಾಗಿನ ಹೊಲಿಗೆಯಲ್ಲೇ ಕೂತು ಊರಿಗೆ ಬರುತ್ತದೆ. ಬೆಂಗಳೂರಿನ ಮಳೆಗಾಲದ ರಾತ್ರಿಗಳಲ್ಲೂ ಆರ್ದ್ರತೆ 75% ದಾಟುತ್ತದೆ, ಅಲ್ಲೂ ಪೋರ್ಟ್ ಸವೆಯತೊಡಗುತ್ತದೆ.