ಯಾರಿಂಗ್ ಸಂಗ್ರಹ: ಉಯ್ಘರ್ ಬದುಕು ತಿಳಿಯಬೇಕೆಂದರೆ ಇಲ್ಲಿಂದ ಶುರು ಮಾಡಿ

ಚೀನಾದ ಪಶ್ಚಿಮದ ಷಿಂಜಿಯಾಂಗ್ ಪ್ರದೇಶದ ಉಯ್ಘರ್ ಜನರ ಬಗ್ಗೆ ಬರೀ ಸುದ್ದಿ ಓದಿ ಸಾಕಾಗಿ, ಅವರ ಹಳೇ ಬದುಕು ಹೇಗಿತ್ತು ಅಂತ ನೋಡಬೇಕು ಅನ್ನಿಸಿದವರಿಗೆ ನಾನು ಹೇಳುವುದು ಸ್ವೀಡನ್‌ನ ಲುಂಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ಯಾರಿಂಗ್ ಸಂಗ್ರಹದ ಹೆಸರು. ಸುಮಾರು 560 ಹಸ್ತಪ್ರತಿಗಳಿವೆ. ಸ್ಕ್ಯಾನ್ ಮಾಡಿರುವಂಥವನ್ನು ಮನೆಯಲ್ಲೇ ಕೂತು ನೋಡಬಹುದು, ಒಂದು ಪೈಸೆ ಕೊಡಬೇಕಿಲ್ಲ.

ಈ ಸಂಗ್ರಹಕ್ಕೆ ಹೆಸರು ಬಂದಿರುವುದು ಸ್ವೀಡನ್‌ನ ವಿದ್ವಾಂಸ ಗುನ್ನಾರ್ ಯಾರಿಂಗ್ ಅವರಿಂದ. 1929ರಲ್ಲಿ ಉಯ್ಘರ್ ಭಾಷೆ ಕಲಿಯಲು ಷಿಂಜಿಯಾಂಗ್‌ನ ಕಾಶ್ಗರ್ ಊರಿಗೆ ಹೋದವರು. 1935ರಲ್ಲಿ ಮತ್ತೆ ಹೊರಟಾಗ ಒಳಗೆ ಬಿಡಲಿಲ್ಲ. ಹಾಗಾಗಿ ನಮ್ಮ ಶ್ರೀನಗರದಲ್ಲೇ ಉಳಿದು, ಆ ಕಡೆಯಿಂದ ಬಂದಿದ್ದ ಜನರನ್ನು ಕೂರಿಸಿಕೊಂಡು ಅವರ ಮಾತು ಬರೆದುಕೊಂಡರು. ಮುಂದೆ 1948ರಲ್ಲಿ ಸ್ವೀಡನ್‌ನ ರಾಜತಾಂತ್ರಿಕರಾಗಿ ದೆಹಲಿಗೇ ಬಂದರು. ಹಸ್ತಪ್ರತಿಗಳನ್ನು ಲುಂಡ್‌ಗೆ ಕೊಟ್ಟಿದ್ದು 1982ರಲ್ಲಿ.

ನನಗೆ ತುಂಬಾ ಇಷ್ಟವಾದದ್ದು ಕಸುಬುದಾರರ ಪುಟ್ಟ ಪುಸ್ತಕಗಳು. ರಿಸಾಲಾ ಅಂತಾರೆ. ಕಮ್ಮಾರರಿಗೊಂದು, ನೇಕಾರರಿಗೊಂದು, ಹೀಗೆ. ಈ ಕಸುಬು ಯಾವ ಪೈಗಂಬರರಿಂದ ಬಂತು, ಕೆಲಸದ ಯಾವ ಹಂತದಲ್ಲಿ ಯಾವ ಪ್ರಾರ್ಥನೆ ಹೇಳಬೇಕು ಅಂತೆಲ್ಲ ಪ್ರಶ್ನೆ-ಉತ್ತರದ ರೀತಿಯಲ್ಲಿ ಬರೆದಿರುತ್ತಾರೆ. ಕಮ್ಮಾರರಿಗೆ ಮೂಲಪುರುಷ ದಾವೂದ್ ಪೈಗಂಬರ್. ರಾಜರ ಕಥೆಯಲ್ಲಿ ಎಲ್ಲೂ ಸಿಗದ ಜನ ಇವರು, ಅಲ್ವಾ? ಮದುವೆ, ಬಟ್ಟೆಬರೆ, ಹಬ್ಬಗಳ ಬಗ್ಗೆ ಮುಹಮ್ಮದ್ ಅಲಿ ದಾಮುಲ್ಲಾ ಬರೆದ ಬರಹಗಳೂ ಇವೆ. ಅವನ್ನು ಬರೆಸಿದವರು ಸ್ವೀಡನ್‌ನ ಮಿಷನರಿಗಳು. ಅದು ತಲೆಯಲ್ಲಿರಲಿ, ಕೇಳುವವರು ಹೊರಗಿನವರಾದಾಗ ಹೇಳುವುದೂ ಸ್ವಲ್ಪ ಬದಲಾಗುತ್ತದೆ.

ಓದುವುದು ಮಾತ್ರ ಸುಲಭವಲ್ಲ. ಇಂದಿನ ಉಯ್ಘರ್ ಬರಹದಲ್ಲಿ ಸ್ವರಗಳನ್ನೆಲ್ಲ ಬರೆಯುತ್ತಾರೆ, ಈ ಹಸ್ತಪ್ರತಿಗಳ ಹಳೇ ಸಾಹಿತ್ಯ ಭಾಷೆಯಾದ ಚಗತಾಯಿ ಬರಹದಲ್ಲಿ ಎಷ್ಟೋ ಸ್ವರಗಳನ್ನು ಬಿಟ್ಟೇ ಬಿಡುತ್ತಾರೆ. ಲಿಪಿ ಗೊತ್ತಿದ್ದರೂ ತಡವರಿಸುತ್ತೀರಿ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಏರಿಯನ್ ಡ್ವಯರ್ ಅವರ ತಂಡ ಇದೇ ಸಂಗ್ರಹದ ಕೆಲವು ಪ್ರತಿಗಳನ್ನು ರೋಮನ್ ಲಿಪಿಗೆ ಇಳಿಸಿ, ಟಿಪ್ಪಣಿ ಕೊಟ್ಟು ಆನ್‌ಲೈನ್‌ಗೆ ಹಾಕುವ ಕೆಲಸ ಮಾಡಿದೆ. ಮೊದಲು ಅದನ್ನು ನೋಡಿ, ಆಮೇಲೆ ಲುಂಡ್‌ಗೆ ಬನ್ನಿ.

ಇದನ್ನು ಈಗಲೇ ಓದಿ ಅಂತ ಒತ್ತಿ ಹೇಳಲು ಕಾರಣವಿದೆ. ಷಿಂಜಿಯಾಂಗ್ ವಿಶ್ವವಿದ್ಯಾಲಯದ ರಾಹಿಲೆ ದಾವುತ್ ವರ್ಷಗಟ್ಟಲೆ ಊರೂರು ಸುತ್ತಿ, ಉಯ್ಘರ್ ದರ್ಗಾಗಳನ್ನೂ ಜನಪದ ಕಥೆಗಳನ್ನೂ ದಾಖಲಿಸಿದವರು. 2017ರ ಡಿಸೆಂಬರ್‌ನಲ್ಲಿ ಕಣ್ಮರೆಯಾದರು. ಅವರಿಗೆ ಜೀವಾವಧಿ ಶಿಕ್ಷೆಯಾಗಿದೆ ಎಂಬುದು ಹೊರಗೆ ಖಚಿತವಾಗಿದ್ದು 2023ರಲ್ಲಿ. ಅವರಂಥವರು ಅಲ್ಲಿ ಕೆಲಸ ಮಾಡಲಾಗದೆ ಇರುವಾಗ, ಲುಂಡ್‌ನ ಕಾಗದಗಳು ಎಲ್ಲರಿಗೂ ತೆರೆದಿರುವುದು ದೊಡ್ಡ ವಿಷಯ.