ಭೂತಗನ್ನಡಿ, ಸ್ಕ್ಯಾನರ್, ಬಣ್ಣ ಹಚ್ಚುವ ಆ್ಯಪ್: ಹಳೆ ಸೈನಿಕರ ಪೋಸ್ಟ್‌ಕಾರ್ಡ್‌ಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 10 ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿಗೆ. ಮೊದಲ ಮಹಾಯುದ್ಧದ ಸೈನಿಕರ ಫೋಟೊ ಪೋಸ್ಟ್‌ಕಾರ್ಡ್ ಕೂಡಿಡುವುದು ನನ್ನ ಹವ್ಯಾಸ. ಸಮವಸ್ತ್ರ, ಪದಕ ನೋಡಿ ಗುರುತು ಹಿಡಿಯೋದರಲ್ಲೇ ಅದರ ಖುಷಿ ಇರುವುದು.

ಹಳೆ ಫೋಟೊಗೆ ಬಣ್ಣ ತುಂಬಿ ಚೊಕ್ಕ ಮಾಡುವ ಆ್ಯಪ್‌ಗೆ ಒಂದು ವರ್ಷದ ಚಂದಾ ಕಟ್ಟಿದ್ದೆ. ಒಬ್ಬ ಬ್ರಿಟಿಷ್ ಸಾರ್ಜೆಂಟ್‌ನ ಕಾರ್ಡ್ ಹಾಕಿದೆ. ಎದೆ ಮೇಲೆ ಪದಕದ ಒಂದೇ ರಿಬ್ಬನ್, ಎರಡೂ ಅಂಚು ಕಪ್ಪು, ನಡುವೆ ತೆಳು ಬೂದು. ಆ್ಯಪ್ ಅಂಚಿಗೆ ನೀಲಿ, ನಡುವೆ ಬಿಳಿ ಬಳಿಯಿತು. ನೋಡಲು ಚೆನ್ನಾಗಿಯೇ ಇತ್ತು. ನಾನು ಅದನ್ನು ಮಿಲಿಟರಿ ಮೆಡಲ್ ಎಂಬ ಬ್ರಿಟಿಷ್ ಶೌರ್ಯ ಪದಕ ಎಂದುಕೊಂಡು ಆಲ್ಬಂನಲ್ಲಿ ಹಾಗೇ ಬರೆದಿಟ್ಟೆ.

ಎಷ್ಟೋ ದಿನದ ಮೇಲೆ ಕಾರ್ಡ್ ತಿರುಗಿಸಿದಾಗ ಎದೆ ಧಸಕ್ಕೆಂದಿತು. ಹಿಂದೆ ಇದ್ದದ್ದು 1915ರ ಅಂಚೆ ಮುದ್ರೆ. ಮಿಲಿಟರಿ ಮೆಡಲ್ ಶುರುವಾಗಿದ್ದೇ 1916ರಲ್ಲಿ! ಆಗ ಭೂತಗನ್ನಡಿ ಹಿಡಿದೆ. ಮಿಲಿಟರಿ ಮೆಡಲ್ ಆಗಿದ್ದರೆ ನಡುವಿನ ಬಿಳಿಯಲ್ಲಿ ಎರಡು ಸಣ್ಣ ಕೆಂಪು ಗೆರೆ ಇರಬೇಕು, ಅವು ಫೋಟೊದಲ್ಲಿ ಕಪ್ಪಾಗಿ ಕಾಣಬೇಕು. ಇಲ್ಲಿ ಗೆರೆಯೇ ಇಲ್ಲ, ಒಂದೇ ಸಮನೆಯ ಬೂದು ಪಟ್ಟಿ. ಆ ಕಾಲದ ಸಾಕಷ್ಟು ಫೋಟೊ ಪ್ಲೇಟ್‌ಗಳು ಕೆಂಪನ್ನು ಹಿಡಿಯುತ್ತಿರಲಿಲ್ಲ. ಅವುಗಳಲ್ಲಿ ಕೆಂಪು ಕಪ್ಪಾಗಿ ಬೀಳುತ್ತಿತ್ತು, ನೀಲಿ ತೆಳುವಾಗುತ್ತಿತ್ತು. ಅಂದರೆ ಅಂಚು ಕಡುಗೆಂಪು, ನಡು ನೀಲಿ. ಅದು ಡಿಸ್ಟಿಂಗ್ವಿಶ್ಡ್ ಕಂಡಕ್ಟ್ ಮೆಡಲ್! 1854ರಿಂದ ಇದ್ದ ಪದಕ, ಸಾಮಾನ್ಯ ಸೈನಿಕರಿಗೆ ಶೌರ್ಯಕ್ಕಾಗಿ ವಿಕ್ಟೋರಿಯಾ ಕ್ರಾಸ್ ಬಿಟ್ಟರೆ ಅದೇ ದೊಡ್ಡದು. ಅಷ್ಟು ದೊಡ್ಡ ಗೌರವ ಪಡೆದ ಮನುಷ್ಯನನ್ನು ನಾನು ತಪ್ಪಾಗಿ ಬರೆದಿಟ್ಟಿದ್ದೆನಲ್ಲಾ ಎಂದು ತುಂಬಾ ಬೇಜಾರಾಯಿತು. ಅದೇ ಆ್ಯಪ್ ಟೋಪಿಯ ಬ್ಯಾಡ್ಜನ್ನೂ ನುಣ್ಣಗೆ ತಿದ್ದಿ, ಎಲ್ಲೂ ಇಲ್ಲದ ಆಕಾರ ಕೊಟ್ಟಿತ್ತು.

ಸ್ಕ್ಯಾನರ್ ಹಾಗೆ ಸುಳ್ಳು ಹೇಳೋದಿಲ್ಲ. 1200 ಡಿಪಿಐಗೆ (ಇಂಚಿಗೆ 1200 ಚುಕ್ಕಿ) ಇಟ್ಟರೆ ಭುಜಪಟ್ಟಿಯ ಹಿತ್ತಾಳೆ ಅಕ್ಷರಗಳನ್ನೂ ಎಷ್ಟೋ ಸಲ ಓದಬಹುದು. ತೊಂದರೆ ಎಂದರೆ, ಹಳೆ ಫೋಟೊದ ಕಪ್ಪು ಭಾಗದಲ್ಲಿ ಬೆಳ್ಳಿ ಮೇಲೆದ್ದು ಕನ್ನಡಿಯಂತೆ ಹೊಳೆಯುತ್ತೆ. ಸ್ಕ್ಯಾನರ್‌ನ ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ ಆ ಜಾಗವೆಲ್ಲ ಮಸುಕು. ಕೈಯಲ್ಲಿ ಹಿಡಿದಿದ್ದರೆ ಕಾರ್ಡನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ಹೊಳಪು ಸರಿದು ಕೆಳಗಿನ ಗೆರೆ ಕಾಣುತ್ತೆ.

ಅಚ್ಚು ಹಾಕಿದ ಕಾರ್ಡೋ, ನಿಜವಾದ ಫೋಟೊವೋ? ಭೂತಗನ್ನಡಿಯಲ್ಲಿ ಸಣ್ಣ ಚುಕ್ಕಿಗಳು ಕಂಡರೆ ಅಚ್ಚು. ಅದನ್ನು ಎಷ್ಟು ಹಿಗ್ಗಿಸಿದರೂ ಚುಕ್ಕಿಯೇ ದೊಡ್ಡದಾಗುತ್ತೆ.

ಜರ್ಮನ್ ಕಾರ್ಡ್‌ಗಳಲ್ಲಿ ಐರನ್ ಕ್ರಾಸ್ ಎಂಬ ಶಿಲುಬೆಯಾಕಾರದ ಪದಕದ ಕೆಳಗಿನ ತೋಳಿನ ಮೇಲೆ 1914 ಇದೆಯೋ 1870 ಇದೆಯೋ ನೋಡಲು ಮೂರರಲ್ಲಿ ಭೂತಗನ್ನಡಿಯೇ ಬೇಗ. ಬ್ರಿಟಿಷ್ ಕಾರ್ಡ್‌ಗಳಲ್ಲಾದರೆ, ಗಾಯಗೊಂಡ ಸೈನಿಕರು ಹಾಕಿಕೊಳ್ಳುತ್ತಿದ್ದ ಗಾಯದ ಪಟ್ಟಿ ಎಡ ತೋಳಿನ ಕೆಳಭಾಗದಲ್ಲಿ ಬರಬೇಕು; ಬಲಗಡೆ ಕಂಡರೆ ಚಿತ್ರ ಎಡಬಲ ತಿರುಗಿದೆಯಾ ಎಂದು ಮೊದಲು ನೋಡಿ.

ನಾನು ಕಾರ್ಡ್ ಕೊಳ್ಳುವುದು ಮಾರುವವರ ಮೇಜಿನ ಮುಂದೆ ನಿಂತು, ಅಲ್ಲಿಗೆ ಸ್ಕ್ಯಾನರ್ ಹೊತ್ತೊಯ್ಯಲು ಆಗಲ್ಲ ಅಲ್ವಾ? ಆ್ಯಪ್‌ಗೆ ಕಟ್ಟಿದ ದುಡ್ಡಿನಲ್ಲಿ ಎರಡು ಒಳ್ಳೆ ಭೂತಗನ್ನಡಿ ಬರುತ್ತಿದ್ದವು. ಕಣ್ಣು ಬೇಗ ದಣಿಯುವವರು, ಬೇರೆಯವರಿಗೆ ಚಿತ್ರ ಕಳಿಸಿ ಕೇಳುವವರು ಸ್ಕ್ಯಾನರ್ ತಗೊಳ್ಳಿ, ತಪ್ಪಿಲ್ಲ. ಆ್ಯಪ್‌ನ ಚಂದಾ ನಾನು ಮತ್ತೆ ಕಟ್ಟಲಿಲ್ಲ. ಸಾರ್ಜೆಂಟ್‌ನ ಪುಟದಲ್ಲಿ ಹಳೆ ಬರಹ ಅಳಿಸಿ ಸರಿಯಾದ ಪದಕದ ಹೆಸರು ಬರೆದಿದ್ದೇನೆ.