ಮ್ಯಾಕ್‌ಬೆತ್‌ಗೆ ನಾಲ್ಕು ಒರೆಗಲ್ಲು: ಆಸೆಗೆ ಯಾವುದು, ಪಾಪಪ್ರಜ್ಞೆಗೆ ಯಾವುದು

ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕ ಮಹತ್ವಾಕಾಂಕ್ಷೆಯ ದುರಂತ ಎಂದು ಗೈಡುಗಳೆಲ್ಲ ಬರೆಯುತ್ತವೆ. ಪಠ್ಯ ತೆಗೆದು ಹುಡುಕಿದರೆ ‘ಆಂಬಿಷನ್’ ಎಂಬ ಪದ ಮೂರೇ ಸಲ ಸಿಗುತ್ತದೆ. ಒಮ್ಮೆ ಮ್ಯಾಕ್‌ಬೆತ್‌ನ ಹೆಂಡತಿಯ ಬಾಯಲ್ಲಿ, ಒಮ್ಮೆ ಅವನದೇ ಸ್ವಗತದಲ್ಲಿ, ಇನ್ನೊಮ್ಮೆ ಸರದಾರ ರಾಸ್ ಆಡುವ ಮಾತಿನಲ್ಲಿ, ಅದೂ ಮ್ಯಾಕ್‌ಬೆತ್ ಕೊಂದ ರಾಜ ಡಂಕನ್‌ನ ಓಡಿಹೋದ ಮಕ್ಕಳನ್ನು ಕುರಿತು. ‘ಗಿಲ್ಟ್’ ಪದದ ಕಥೆ ಇನ್ನೂ ಮೋಜಿನದು. ಲೇಡಿ ಮ್ಯಾಕ್‌ಬೆತ್ ಅದನ್ನು ಆಡುವುದು ಕಾವಲುಗಾರರ ತಲೆಗೆ ಕಟ್ಟುವುದಕ್ಕೆ. ಅವರ ಮುಖಕ್ಕೆ ರಕ್ತ ‘ಗಿಲ್ಡ್’ ಮಾಡುತ್ತೇನೆ (ಚಿನ್ನದ ಲೇಪದಂತೆ ಬಳಿಯುತ್ತೇನೆ), ಅದು ಅವರದೇ ‘ಗಿಲ್ಟ್’ (ಅಪರಾಧ) ಎಂದು ಕಾಣಬೇಕು ಎನ್ನುತ್ತಾಳೆ. ನಮ್ಮ ‘ಗಿಲೀಟು ಒಡವೆ’ಯ ಗಿಲೀಟೂ ಇದೇ ‘ಗಿಲ್ಡ್’ನ ನೆಂಟ. ಆದ್ದರಿಂದ ಕನ್ನಡ ಓದುಗನಿಗೆ ಈ ಶ್ಲೇಷೆ ಅರ್ಧಕ್ಕರ್ಧ ತಾನಾಗಿಯೇ ದಕ್ಕುತ್ತದೆ.

ಹೆಸರು ಹಿಡಿದು ಹುಡುಕಿದರೆ ಎರಡೂ ಸಿಗುವುದಿಲ್ಲ ಎಂದಾದ ಮೇಲೆ ಬೇರೆ ದಾರಿ ನೋಡಬೇಕು. ತರಗತಿಗಳಲ್ಲಿ, ತಾಲೀಮುಗಳಲ್ಲಿ ಚಾಲ್ತಿಯಲ್ಲಿರುವ ದಾರಿಗಳು ನಾಲ್ಕು: ರೂಪಕಗಳನ್ನು ಗುರುತಿಸುವುದು, ಸರ್ವನಾಮಗಳ ಜಾಡು ಹಿಡಿಯುವುದು, ಲಯ ತಟ್ಟುವುದು, ಕನ್ನಡಕ್ಕೆ ತಂದು ನೋಡುವುದು. ನಾಲ್ಕನ್ನೂ ಒಂದೇ ನಾಲ್ಕು ಜಾಗಗಳಿಗೆ ಹಚ್ಚಿ ನೋಡಿ ಬರೆದ ಹೋಲಿಕೆ ಇದು. ಮೊದಲ ಅಂಕದ 4ನೇ ದೃಶ್ಯದ ಕೊನೆಯಲ್ಲಿ ನಕ್ಷತ್ರಗಳಿಗೆ ಬೆಳಕು ಅಡಗಿಸಿಕೊಳ್ಳಿ ಎನ್ನುವ ಸಾಲುಗಳು, 7ನೇ ದೃಶ್ಯದ ಮೊದಲ 28 ಸಾಲಿನ ಸ್ವಗತ, ಎರಡನೇ ಅಂಕದಲ್ಲಿ ಕೊಲೆ ಮುಗಿದ ತಕ್ಷಣದ ದೃಶ್ಯ, ಐದನೇ ಅಂಕದಲ್ಲಿ ಲೇಡಿ ಮ್ಯಾಕ್‌ಬೆತ್‌ಳ ನಿದ್ದೆಗಣ್ಣಿನ ನಡಿಗೆ.

ಪರೀಕ್ಷೆಗೆ ಓದುವವರಿಗೆ ಪ್ರಿಯವಾದದ್ದು ರೂಪಕದ ದಾರಿ. ಬಣ್ಣದ ಪೆನ್ಸಿಲ್ ಹಿಡಿದು ರಕ್ತ, ಕತ್ತಲೆ, ಬಟ್ಟೆ, ನಿದ್ದೆ ಎಂದು ಗೆರೆ ಎಳೆಯುತ್ತ ಹೋದರಾಯಿತು. ಇದಕ್ಕೆ ಹಳೆಯ ಬೆಂಬಲವೂ ಇದೆ. ವಿಮರ್ಶಕಿ ಕ್ಯಾರೊಲೈನ್ ಸ್ಪರ್ಜನ್ 1935ರಲ್ಲೇ ಈ ನಾಟಕದ ಉಡುಪಿನ ರೂಪಕಗಳನ್ನು ಎತ್ತಿ ತೋರಿಸಿದ್ದರು. ಆದರೆ ಗೆರೆ ಎಳೆದ ಬಟ್ಟೆಗಳನ್ನು ‘ಯಾರು ಹೇಳಿದ್ದು’ ಎಂದು ವಿಂಗಡಿಸಿ ನೋಡಿ. ಎರವಲು ಅಂಗಿ ತೊಡಿಸುತ್ತೀರೇಕೆ ಎಂದು ಕೇಳುವವನು ಮ್ಯಾಕ್‌ಬೆತ್ ನಿಜ. ಹೊಸ ಬಟ್ಟೆ ಮೈಗೆ ಹೊಂದಲು ದಿನ ಬೇಕು ಎನ್ನುವವನು ಜೊತೆಯ ಸೇನಾನಿ ಬ್ಯಾಂಕ್ವೊ. ಆಸೆಯನ್ನು ತೊಟ್ಟುಕೊಂಡಿದ್ದೆಯಲ್ಲ, ಅದು ಕುಡಿದಿತ್ತೇ ಎಂದು ಚುಚ್ಚುವವಳು ಹೆಂಡತಿ. ದೈತ್ಯನ ನಿಲುವಂಗಿ ಕುಳ್ಳ ಕಳ್ಳನ ಮೇಲೆ ಜೋತಾಡುತ್ತಿದೆ ಎನ್ನುವವನು ಇನ್ನೊಬ್ಬ ಸರದಾರ ಆಂಗಸ್. ಆಸೆ ಹೊರಗಿನವರಿಗೆ ಹೇಗೆ ಕಾಣುತ್ತದೆ ಎಂಬುದನ್ನು ರೂಪಕ ಚೆನ್ನಾಗಿ ತೋರಿಸುತ್ತದೆ. ಒಳಗೆ ಅದು ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ಅಷ್ಟಾಗಿ ತೋರಿಸುವುದಿಲ್ಲ. ರಕ್ತಕ್ಕೆ ಗೆರೆ ಎಳೆಯತೊಡಗಿದರಂತೂ ಪುಟವೆಲ್ಲ ಕೆಂಪಾಗುತ್ತದೆ, ಕೈಗೆ ಹತ್ತುವುದು ಸ್ವಲ್ಪವೇ.

ಆಸೆಗೆ ನಮ್ಮ ಮತ ಸರ್ವನಾಮದ ದಾರಿಗೆ. ಬೇಕಾದದ್ದು ಒಂದೇ ಪೆನ್ಸಿಲ್, ಇಪ್ಪತ್ತು ನಿಮಿಷ. 28 ಸಾಲಿನ ಸ್ವಗತದಲ್ಲಿ ‘ಇಟ್’, ‘ವಿ’, ‘ಐ’ಗಳಿಗೆ ಸುತ್ತು ಹಾಕಿ, ಕೊಲೆಯನ್ನು ಸೂಚಿಸುವ ಪ್ರತಿ ಪದಕ್ಕೂ ಅಡಿಗೆರೆ ಎಳೆಯಿರಿ. ‘ಇಫ್ ಇಟ್ ವರ್ ಡನ್ ವೆನ್ ’ಟಿಸ್ ಡನ್, ದೆನ್ ’ಟ್ವರ್ ವೆಲ್ ಇಟ್ ವರ್ ಡನ್ ಕ್ವಿಕ್ಲಿ’. ಇಷ್ಟರಲ್ಲೇ ‘ಡನ್’ ಮೂರು ಸಲ. ‘ಇಟ್’ ನಾಲ್ಕು ಸಲ, ಅದರಲ್ಲಿ ಎರಡು ’ಟಿಸ್, ’ಟ್ವರ್‌ಗಳೊಳಗೆ ಕುಗ್ಗಿ ಕೂತಿವೆ. ಮಾಡುವವನು ಮಾತ್ರ ಎಲ್ಲೂ ಇಲ್ಲ. ಏಳನೇ ಸಾಲಿಗೆ ‘ನಾವು’ ಬರುತ್ತದೆ, ಲೋಕದ ನೀತಿ ಹೇಳುವವರ ‘ನಾವು’ ಅದು. ‘ನಾನು’ ಮೊದಲು ಕಾಣಿಸುವುದು 13ನೇ ಸಾಲಿನಲ್ಲಿ, ನಾನು ಅವನ ನೆಂಟ, ಅವನ ಪ್ರಜೆ ಎನ್ನುವಾಗ. ಅಂದರೆ ಕೊಲೆ ಯಾಕೆ ಬೇಡ ಎಂಬುದಕ್ಕೆ ಕಾರಣ ಕೊಡುವಾಗ ಮಾತ್ರ ಬಾಯಿಗೆ ‘ನಾನು’ ಬರುತ್ತದೆ. ಕೊಲೆಗೆ ಇಟ್ಟ ಹೆಸರುಗಳನ್ನೂ ನೋಡಿ: ‘ಅಸ್ಯಾಸಿನೇಷನ್’, ‘ಸರ್ಸೀಸ್’ (ಕೊನೆಗಾಣುವುದು), ‘ಬ್ಲೋ’ (ಏಟು), ‘ಡೀಡ್’, ‘ಟೇಕಿಂಗ್ ಆಫ್’ (ತೆಗೆದುಹಾಕುವುದು). ‘ಮರ್ಡರರ್’ ಎಂಬ ಪದ ಒಮ್ಮೆ ಬರುತ್ತದೆ, ಆದರೆ ಆತಿಥೇಯನಾದವನು ಬಾಗಿಲು ಹಾಕಿ ಹೊರಗಿಡಬೇಕಾದ ಯಾರೋ ಮೂರನೆಯವನಾಗಿ. ಆಸೆ ಹೊತ್ತ ಮನುಷ್ಯ ತಾನು ಬಯಸಿದ್ದರ ಹೆಸರು ಹೇಳದೆ ಅದರ ಸುತ್ತಲೇ ಹೇಗೆ ಸುತ್ತುತ್ತಾನೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

4ನೇ ದೃಶ್ಯದಲ್ಲೂ ಇದೇ ಆಟ. ಕೈ ಮಾಡುವುದನ್ನು ಕಣ್ಣು ನೋಡದಿರಲಿ, ಆದರೂ ‘ಅದು’ ಆಗಲಿ ಎಂದು ಕೈಯನ್ನೂ ಕಣ್ಣನ್ನೂ ಬೇರೆ ಬೇರೆ ಆಸಾಮಿಗಳಂತೆ ಮಾಡಿ, ನಡುವಿನಿಂದ ತಾನು ಜಾರಿಕೊಳ್ಳುತ್ತಾನೆ.

ಈ ದಾರಿಯಲ್ಲಿ ಜಾರುವ ಜಾಗವೂ ಒಂದಿದೆ. ‘ವಿ’ ಬಂದಲ್ಲೆಲ್ಲ ಗಂಡ-ಹೆಂಡತಿ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಸ್ವಗತದ ‘ವಿ’ ಎಂದರೆ ಮನುಷ್ಯರೆಲ್ಲ. ‘ಇನ್ನು ಈ ವಿಷಯ ಮುಂದುವರಿಸುವುದು ಬೇಡ’ ಎಂದು ಹೆಂಡತಿಗೆ ಹೇಳುವಾಗಿನದು ಮನೆಯ ‘ವಿ’. ಪ್ರತಿ ಸುತ್ತಿನ ಪಕ್ಕ ‘ಯಾರು ಯಾರು’ ಎಂದು ಬರೆದುಕೊಳ್ಳದಿದ್ದರೆ ಈ ಎಣಿಕೆಯಿಂದ ಪ್ರಯೋಜನವಿಲ್ಲ.

ಪಾಪಪ್ರಜ್ಞೆಗೆ ಈ ದಾರಿ ಅರ್ಧ ಮಾತ್ರ ನೆರವಾಗುತ್ತದೆ. ಕೊಲೆ ಆದ ಮೇಲೆ ‘ಐ ಹ್ಯಾವ್ ಡನ್ ದ ಡೀಡ್’ ಎಂದು ‘ನಾನು’ ಮುಂದೆಯೇ ನಿಲ್ಲುತ್ತದೆ. ಅಲ್ಲಿಂದಾಚೆ ಒಡೆಯುವುದು ಉಸಿರು. ಅದನ್ನು ಹಿಡಿಯಲು ಮೇಜು ತಟ್ಟಬೇಕು.

ಸಾಲಿಗೆ ಹತ್ತು ಉಚ್ಚಾರಾಂಶ, ಐದು ಒತ್ತು, ಇದು ನಾಟಕದ ಸಾಮಾನ್ಯ ನಡೆ. ಕನ್ನಡದವರು ಎಡವುವುದು ಇಲ್ಲಿಯೇ. ನಮ್ಮ ಕಿವಿ ಮಾತ್ರೆ ಎಣಿಸುತ್ತದೆ. ದೀರ್ಘ ಕಂಡರೆ ಗುರು ಎಂದು ಕೈ ತಟ್ಟುತ್ತದೆ. ‘ಸೋ ಫೌಲ್ ಅಂಡ್ ಫೇರ್ ಅ ಡೇ ಐ ಹ್ಯಾವ್ ನಾಟ್ ಸೀನ್’ ಎಂಬಲ್ಲಿ ‘ಸೋ’ ನಮ್ಮ ಲೆಕ್ಕದಲ್ಲಿ ಗುರು, ಇಂಗ್ಲಿಷಿನ ನಡೆಯಲ್ಲಿ ಅದಕ್ಕೆ ಒತ್ತಿಲ್ಲ. ಒತ್ತು ಬೀಳುವುದು ಫೌಲ್, ಫೇರ್, ಡೇ, ಹ್ಯಾವ್, ಸೀನ್‌ಗಳ ಮೇಲೆ. ಮೊದಲ ಅರ್ಧ ಗಂಟೆ ಇದೊಂದು ಸಾಲನ್ನೇ ತಟ್ಟಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಮಾಟಗಾತಿಯರ ಸಾಲುಗಳು ಇದಕ್ಕಿಂತ ಗಿಡ್ಡ, ನಾಲ್ಕೇ ಒತ್ತು, ಒತ್ತಿನಿಂದಲೇ ಶುರು. ಆ ವ್ಯತ್ಯಾಸ ಕೈಗೆ ಸಿಕ್ಕಿದ ಮೇಲೆ ಮುಂದಿನದು ಸಲೀಸು.

ಈಗ ಕೊಲೆಯ ನಂತರದ ದೃಶ್ಯಕ್ಕೆ ಬನ್ನಿ. ‘ಡಿಡ್ ನಾಟ್ ಯು ಸ್ಪೀಕ್?’ ‘ವೆನ್?’ ‘ನೌ.’ ‘ಆಸ್ ಐ ಡಿಸೆಂಡೆಡ್?’ 1623ರ ಫೋಲಿಯೊ, ಅಂದರೆ ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹ, ಈ ತುಣುಕುಗಳನ್ನು ಬೇರೆ ಬೇರೆ ಸಾಲುಗಳಾಗಿ ಅಚ್ಚು ಹಾಕಿದೆ. ಕೂಡಿಸಿ ಎಣಿಸಿದರೆ ನಾಲ್ಕು, ಒಂದು, ಒಂದು, ಐದು, ಒಟ್ಟು ಹನ್ನೊಂದು. ಒಂದೇ ಸಾಲು ಎರಡು ಬಾಯಿಗಳ ನಡುವೆ ನಾಲ್ಕು ಚೂರಾಗಿದೆ. ನಟರು ಸಾಮಾನ್ಯವಾಗಿ ಇಲ್ಲಿ ಮಾಡುವ ತಪ್ಪೆಂದರೆ ಪ್ರತಿ ಚೂರಿನ ನಂತರವೂ ‘ನಾಟಕೀಯ’ ಮೌನ ಇಡುವುದು. ಹಾಗೆ ಮಾಡಿದರೆ ಅದು ದೆವ್ವದ ಸಿನಿಮಾ ಆಗುತ್ತದೆ. ಒಂದೇ ಸಾಲಿನ ವೇಗದಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಹತ್ತಿಕೊಂಡು ಆಡಿದರೆ ಇಬ್ಬರ ಗಾಬರಿ ತಾನಾಗಿ ಹೊರಬರುತ್ತದೆ. ಎರಡೂ ರೀತಿಯಲ್ಲಿ ಆಡಿಸಿ ನೋಡಿ, ವ್ಯತ್ಯಾಸ ಹೇಳಿಕೊಡಬೇಕಾಗುವುದಿಲ್ಲ.

ಒಂದು ವಿರಾಮಚಿಹ್ನೆಯ ತೂಕ ಎಷ್ಟು ಎಂಬುದಕ್ಕೆ ‘ವಿ ಫೇಲ್’ ಸಾಕ್ಷಿ. ಸೋತರೆ ಎಂದು ಗಂಡ ಕೇಳಿದಾಗ ಲೇಡಿ ಮ್ಯಾಕ್‌ಬೆತ್ ಕೊಡುವ ಉತ್ತರ ಅದು. ಫೋಲಿಯೊದಲ್ಲಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆಯಿದೆ, ಆದರೆ ಆ ಕಾಲದ ಅಚ್ಚಿನಲ್ಲಿ ಅದೇ ಚಿಹ್ನೆ ಉದ್ಗಾರಕ್ಕೂ ನಡೆಯುತ್ತಿತ್ತು. ಹೆಸರಾಂತ ನಟಿ ಸಾರಾ ಸಿಡನ್ಸ್ ಇದನ್ನು ಮೂರು ಬಗೆಯಲ್ಲಿ ಆಡಿ ನೋಡಿದ್ದಳು: ಮೊದಲು ತಿರಸ್ಕಾರದ ಪ್ರಶ್ನೆ, ಆಮೇಲೆ ‘ನಾವು’ ಮೇಲೆ ಒತ್ತು ಹಾಕಿದ ಉದ್ಗಾರ, ಕೊನೆಗೆ ತಗ್ಗಿದ ದನಿಯಲ್ಲಿ ಬರೀ ಪೂರ್ಣವಿರಾಮ. ಉಳಿಸಿಕೊಂಡದ್ದು ಮೂರನೆಯದನ್ನು. ಕನ್ನಡದಲ್ಲಿ ‘ಸೋಲುವುದಾ?’, ‘ನಾವು ಸೋಲುವುದೇ!’, ‘ಸೋತರೆ ಸೋತೆವು’ ಎಂದು ಮೂರಕ್ಕೂ ಬೇರೆ ಬೇರೆ ಮಾತೇ ಬೇಕು. ಇಂಗ್ಲಿಷಿನಲ್ಲಿ ನಟಿಗೆ ಬಿಟ್ಟ ಆಯ್ಕೆಯನ್ನು ನಮ್ಮಲ್ಲಿ ಅನುವಾದಕನೇ ಮುಗಿಸಿಬಿಡುತ್ತಾನೆ.

ಹೀಗೆ ನಾಲ್ಕನೆಯ ದಾರಿಗೆ ಬಂದೆವು. ಹತ್ತು ಸಾಲು ಕನ್ನಡಕ್ಕೆ ತರಲು ಒಂದು ಸಂಜೆ ಪೂರ್ತಿ ಬೇಕು, ನಾಲ್ಕರಲ್ಲಿ ದುಬಾರಿ ದಾರಿ ಇದೇ. ಇದಕ್ಕೆ ಮಾತ್ರ ಸಿಗುವ ಫಲವೂ ಇದೆ. ‘ಡನ್’ ಪದವನ್ನು ಮುಟ್ಟಿದ ಕೂಡಲೇ ‘ಆಗು’ ಹಾಕುವುದೋ ‘ಮಾಡು’ ಹಾಕುವುದೋ ಎಂಬ ತಕರಾರು ಎದುರಾಗುತ್ತದೆ. ಸ್ವಗತಕ್ಕೆ ‘ಆಗು’ ಸರಿ. ‘ಆಗಿ ಮುಗಿಯುವುದೇ ಆದರೆ ಬೇಗ ಆಗಲಿ’ ಎಂದರೆ ಕರ್ತೃ ಮಾಯ. ಕೊಲೆಯಾದ ಮೇಲೆ ಅದೇ ರೂಢಿಯಲ್ಲಿ ‘ಆಯ್ತು’ ಎಂದು ಬರೆದರೆ ಕೆಟ್ಟಿತು. ಅಲ್ಲಿ ‘ಮಾಡಿದೆ’ ಎನ್ನಲೇಬೇಕು. ‘ನಾನು’ ಬಿಟ್ಟರೂ ಕ್ರಿಯಾಪದದ ಕೊನೆಯಲ್ಲಿ ಅವನು ಸಿಕ್ಕಿಬಿದ್ದಿರುತ್ತಾನೆ. ಮೂರನೇ ಅಂಕದಲ್ಲಿ ಹೆಂಡತಿ ಸಮಾಧಾನ ಹೇಳುವ ‘ವಾಟ್ಸ್ ಡನ್ ಈಸ್ ಡನ್’ಗೆ ನಮ್ಮ ‘ಆದದ್ದಾಯ್ತು’ ಹೇಳಿ ಮಾಡಿಸಿದಂತಿದೆ. ಐದನೇ ಅಂಕದಲ್ಲಿ ಅವಳೇ ಅದನ್ನು ತಿರುವುಮುರುವು ಮಾಡಿದಾಗ ‘ಮಾಡಿದ್ದನ್ನು ಮಾಡದಂತೆ ಮಾಡಲಾಗದು’ ಎಂದರೆ ಅರ್ಥ ಗಟ್ಟಿ, ಆದರೆ ಹಿಂದಿನ ಮಾತಿನ ಪ್ರತಿಧ್ವನಿ ಕೇಳುವುದಿಲ್ಲ. ಪ್ರತಿಧ್ವನಿ ಬೇಕೆಂದರೆ ಇಲ್ಲೂ ‘ಆಗು’ವನ್ನೇ ಇಟ್ಟುಕೊಂಡು ‘ಆದದ್ದು ಆಗದಂತೆ ಆಗದು’ ಎನ್ನಬೇಕು. ನಮಗೆ ಪ್ರತಿಧ್ವನಿಯೇ ಮೇಲು.

ರಕ್ತದ ಕೈ ತೊಳೆಯುವ ಸಾಲಿನಲ್ಲಿ ಮಾತ್ರ ಕನ್ನಡದ ಕೈ ಮೇಲಾಗಬಹುದು. ‘ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್’ ಎಂದು ಲ್ಯಾಟಿನ್ ಮೂಲದ ಭಾರದ ಪದಗಳು, ಅದರ ಬೆನ್ನಿಗೇ ‘ಮೇಕಿಂಗ್ ದ ಗ್ರೀನ್ ಒನ್ ರೆಡ್’ ಎಂದು ಮಗುವಿಗೂ ತಿಳಿಯುವ ಮಾತು. ‘ಅಸಂಖ್ಯ ಸಾಗರಗಳನ್ನು ರಕ್ತವರ್ಣಗೊಳಿಸಿ, ಹಸಿರನ್ನೆಲ್ಲ ಕೆಂಪು ಮಾಡೀತು’ ಎಂದರೆ ಸಂಸ್ಕೃತದಿಂದ ಅಚ್ಚಗನ್ನಡಕ್ಕೆ ಅದೇ ಕುಸಿತ ಕೇಳಿಸುತ್ತದೆ. ದೊಡ್ಡ ಪದಗಳ ಹಿಂದೆ ಅಡಗಲು ಹೋದವನು ಮೂರು ಸಣ್ಣ ಪದಗಳಲ್ಲಿ ಸಿಕ್ಕಿಬೀಳುತ್ತಾನೆ. ಎರಡು ಭಾಗಕ್ಕೂ ಸಂಸ್ಕೃತವನ್ನೇ ಹಾಕಿದರೆ ಆ ಸಾಲು ಸತ್ತಂತೆ.

ಆ ಕಾಲದ ಇಂಗ್ಲಿಷಿನಲ್ಲಿ ‘ನೀನು’, ‘ನೀವು’ಗಳಂತಿದ್ದ ‘ದೌ’, ‘ಯು’ಗಳೂ ಅನುವಾದದಲ್ಲೇ ಚುರುಕಾಗುತ್ತವೆ. ಹೆದರಿದೆಯಾ ಎಂದು ಕೆಣಕುವಾಗ ಹೆಂಡತಿ ‘ದೌ’ ಎನ್ನುತ್ತಾಳೆ, ಮರುಕ್ಷಣ ಗಂಡಸಾಗಿದ್ದಿರಿ ಎನ್ನುವಾಗ ‘ಯು’. ನೀನು-ನೀವು ಇರುವ ನಮಗೆ ಇದು ಅಂಗೈ ನೆಲ್ಲಿ. ಉದ್ದಕ್ಕೂ ‘ನೀನು’ ಬಳಸುವವರು ಈ ಇರಿತವನ್ನು ಕಳೆದುಕೊಳ್ಳುತ್ತಾರೆ. ಲಯದ ವಿಷಯದಲ್ಲಿ ಅನುವಾದ ಸೋಲುವುದೇ ಹೆಚ್ಚು. ಸರಳ ರಗಳೆಯಲ್ಲಿ ಓಟವಿದೆ, ಆದರೆ ಒಂದು ಸಾಲು ಇಬ್ಬರ ನಡುವೆ ಹರಿದದ್ದು ಕಿವಿಗೆ ಗೊತ್ತಾಗುವುದಿಲ್ಲ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ರಘುವೀರ್ ಸಹಾಯ್ ಅವರ ಹಿಂದಿ ಅನುವಾದವನ್ನು ಯಕ್ಷಗಾನದ ಶೈಲಿಯಲ್ಲಿ ಆಡಿಸಿದ್ದರು. ಛಂದಸ್ಸು ಬಿಟ್ಟುಕೊಟ್ಟ ಕೆಲಸವನ್ನು ತಾಳಕ್ಕೆ ವಹಿಸುವ ಆ ದಾರಿ ಇಂದಿಗೂ ತೆರೆದಿದೆ.

ಉಳಿದದ್ದು ನಿದ್ದೆಗಣ್ಣಿನ ದೃಶ್ಯ. ಪದ್ಯದಲ್ಲೇ ಮಾತಾಡುತ್ತಿದ್ದ ಲೇಡಿ ಮ್ಯಾಕ್‌ಬೆತ್ ಇಲ್ಲಿ ಗದ್ಯಕ್ಕೆ ಇಳಿಯುತ್ತಾಳೆ. ಆದರೆ ‘ಗದ್ಯ ಎಂದರೆ ಹುಚ್ಚು’ ಎಂದು ಬರೆದು ಮುಗಿಸಬೇಡಿ, ಅದೇ ದೃಶ್ಯದಲ್ಲಿ ವೈದ್ಯನೂ ದಾಸಿಯೂ ಬಹುಪಾಲು ಗದ್ಯವನ್ನೇ ಆಡುತ್ತಾರೆ. ಬದಲು ಮರುಕಳಿಸಿದ ಪದಗಳನ್ನು ಎಣಿಸಿ. ಮೊದಲ ಅಂಕದಲ್ಲಿ ‘ಕಮ್’ ಎಂದು ಪ್ರೇತಶಕ್ತಿಗಳನ್ನು, ಕತ್ತಲನ್ನು ಮೂರು ಸಲ ಕರೆದಿದ್ದಳು. ಇಲ್ಲಿ ಕೈ ಕೊಡು ಎನ್ನುವಾಗ ‘ಕಮ್’ ಒಂದೇ ಉಸಿರಿಗೆ ನಾಲ್ಕು. ‘ಟು ಬೆಡ್’ ಐದು. ತಾಲೀಮಿನಲ್ಲಿ ವೈದ್ಯನ ಪಾತ್ರಧಾರಿಗೆ ನಿಜವಾದ ಪೆನ್ಸಿಲ್, ಕಾಗದ ಕೊಡಿ. ಅವಳ ಬಾಯಿಂದ ಬಂದದ್ದನ್ನು ಬರೆದುಕೊಳ್ಳುತ್ತೇನೆ ಎಂಬುದು ಅವನದೇ ಮಾತು. ದೃಶ್ಯ ಮುಗಿದ ಮೇಲೆ ಆ ಚೀಟಿಯನ್ನೊಂದೇ ಗಟ್ಟಿಯಾಗಿ ಓದಿಸಿ: ಒಂದು, ಎರಡು, ಮುದುಕನ ರಕ್ತ, ಫೈಫ್ ಸೀಮೆಯ ಒಡೆಯನ ಹೆಂಡತಿ, ಸಣ್ಣ ಕೈ, ಬಾ, ಬಾ, ಬಾ, ಬಾ.